ಶುಗರ್ ಇರುವವರ ಊಟ: ಅನ್ನ, ರೊಟ್ಟಿ, ಬ್ರೆಡ್ಡಿಗೆ ನಿಜವಾದ ಬದಲಿಗಳು

ಶುಗರ್ ಇದೆ ಅಂತ ರಿಪೋರ್ಟ್ ಬಂದ ಮರುದಿನವೇ ಅಡುಗೆಮನೆ ಬದಲಾಗತೊಡಗುತ್ತದೆ. ಬಿಳಿ ಅಕ್ಕಿಯ ಡಬ್ಬಕ್ಕೆ ಪಾಲಿಶ್ ಮಾಡದ ಅಕ್ಕಿ ಬರುತ್ತದೆ. ಸಕ್ಕರೆ ಇದ್ದ ಜಾಗದಲ್ಲಿ ಜೇನುತುಪ್ಪ ಕೂರುತ್ತದೆ. ಮೈದಾ ಬ್ರೆಡ್ ಹೋಗಿ ಗೋಧಿ ಬ್ರೆಡ್, ಬೆಳಿಗ್ಗೆಗೆ ಓಟ್ಸ್, ಸಂಜೆಗೆ ಒಂದು ಲೋಟ ಹಣ್ಣಿನ ರಸ. ಮೂರು ತಿಂಗಳು ಬಿಟ್ಟು, ಅಷ್ಟು ಕಾಲದ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಮಾಡಿಸಿದರೆ ಅದು ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತದೆ. ಇಷ್ಟೆಲ್ಲ ಬಿಟ್ಟರೂ ಇಳಿಯಲಿಲ್ಲವಲ್ಲ ಅನ್ನುವ ಬೇಸರಕ್ಕೆ ಎಷ್ಟೋ ಜನ ಪಥ್ಯವನ್ನೇ ಕೈಬಿಡುತ್ತಾರೆ. ತಪ್ಪು ಅವರದಲ್ಲ. ಅವರ ಕೈಗೆ ಸಿಕ್ಕ ಬದಲಿಗಳೇ ಸರಿಯಿರಲಿಲ್ಲ.

ಲೆಕ್ಕ ನೋಡಿ. 150 ಗ್ರಾಂ ಬಿಳಿ ಅನ್ನದಲ್ಲಿ ಸುಮಾರು 42 ಗ್ರಾಂ ಕಾರ್ಬೋಹೈಡ್ರೇಟ್ ಇದೆ (ಇನ್ನು ಮುಂದೆ ಕಾರ್ಬ್ ಅನ್ನೋಣ). ಅಷ್ಟೇ ತೂಕದ ಪಾಲಿಶ್ ಮಾಡದ ಅಕ್ಕಿಯ ಅನ್ನದಲ್ಲಿ 35ರಿಂದ 38 ಗ್ರಾಂ. ನಾರು ಒಂದೆರಡು ಗ್ರಾಂ ಜಾಸ್ತಿ ಸಿಗುತ್ತದೆ, ವಿಟಮಿನ್ನೂ ಜಾಸ್ತಿ, ಅದು ಒಳ್ಳೆಯದೇ. ಆದರೆ ‘ಇದು ಶುಗರ್‌ಗೆ ಒಳ್ಳೆಯದು’ ಅಂತ ಒಂದು ಸೌಟು ಹೆಚ್ಚು ಬಡಿಸಿಕೊಂಡರೆ ಆ ಲಾಭವೂ ಹೋಯಿತು. ಒಂದು ಟೀ ಚಮಚ ಸಕ್ಕರೆಯಲ್ಲಿ 4 ಗ್ರಾಂ ಕಾರ್ಬ್ ಇದ್ದರೆ ಅದೇ ಚಮಚ ಜೇನುತುಪ್ಪದಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಯಾಕೆಂದರೆ ಜೇನು ಸಕ್ಕರೆಗಿಂತ ಭಾರ. ಇನ್ನು ಓಟ್ಸ್: 40 ಗ್ರಾಂ ಒಣ ಓಟ್ಸ್‌ಗೆ 27 ಗ್ರಾಂ, 200 ಮಿ.ಲೀ. ಹಾಲಿಗೆ 10, ಮೇಲೆ ಹೆಚ್ಚಿ ಹಾಕಿದ ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿಗೆ 27, ಒಂದು ಚಮಚ ಜೇನಿಗೆ 6. ಒಟ್ಟು 70 ಗ್ರಾಂ. ಅಂದರೆ ಬೆಳ್ಳಂಬೆಳಿಗ್ಗೆ 250 ಗ್ರಾಂ ಬಿಳಿ ಅನ್ನ ತಿಂದ ಹಾಗೆ.

ಬದಲಿ ಅನ್ನುವುದಕ್ಕೆ ಇರಬೇಕಾದ ಗುಣ ಒಂದೇ: ಅದು ತಟ್ಟೆಯಲ್ಲಿನ ಕಾರ್ಬ್ ಗ್ರಾಂಗಳನ್ನು ಇಳಿಸಬೇಕು, ಹೊಟ್ಟೆಯನ್ನೂ ತುಂಬಿಸಬೇಕು. ಬಣ್ಣ, ಹೆಸರು, ಪೊಟ್ಟಣದ ಮೇಲಿನ ಹಸಿರು ಎಲೆಯ ಚಿತ್ರ ಇವು ಯಾವುವೂ ಲೆಕ್ಕಕ್ಕಿಲ್ಲ.

ಎಷ್ಟು ಇಳಿಸಿದರೆ ‘ಕಡಿಮೆ ಕಾರ್ಬ್’? ದಿನಕ್ಕೆ 130 ಗ್ರಾಂ ಒಳಗಿದ್ದರೆ ಹಾಗೆ ಕರೆಯುವುದು ರೂಢಿ. 20ರಿಂದ 50 ಗ್ರಾಂ ಅಂದರೆ ತೀರಾ ಕಡಿಮೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರಲ್ಲಿ ತಂದ ಆಹಾರ ಕುರಿತ ವರದಿ, ರಕ್ತದ ಸಕ್ಕರೆ ಸುಧಾರಿಸುವುದಕ್ಕೆ ಒಟ್ಟು ಕಾರ್ಬ್ ಇಳಿಸುವುದಕ್ಕೇ ಹೆಚ್ಚು ಪುರಾವೆ ಇದೆ ಎಂದು ಹೇಳಿತು. ಎಲ್ಲರಿಗೂ ಒಂದೇ ಪ್ರಮಾಣ ಸರಿಹೊಂದುವುದಿಲ್ಲ ಅನ್ನುವುದನ್ನೂ ಅದೇ ವರದಿ ಹೇಳುತ್ತದೆ. ಮನೆಯಲ್ಲಿ ದಿನಾ ನಡೆಸಿಕೊಂಡು ಹೋಗುವುದಕ್ಕೆ 100ರಿಂದ 130ರ ನಡುವಿನ ದಾರಿಯೇ ಬಾಳಿಕೆ ಬರುತ್ತದೆ ಅನ್ನುವುದು ನಮ್ಮ ಅಭಿಪ್ರಾಯ. ಹೊತ್ತಿಗೆ 30–40 ಗ್ರಾಂ ಅಂತ ಇಟ್ಟುಕೊಂಡರೆ ಅಡುಗೆಯೂ ಒಂದೇ, ಮನೆಯವರೆಲ್ಲರ ಊಟವೂ ಒಂದೇ.

ಮೊದಲು ಮಾತ್ರೆ ಡಬ್ಬಿ ನೋಡಿ

ಇದನ್ನು ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆಯುವುದು ಸರಿಯಲ್ಲ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಮಾತ್ರೆ ನುಂಗುವವರು ಇದ್ದಕ್ಕಿದ್ದಂತೆ ಅನ್ನ ಅರ್ಧ ಮಾಡಿದರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧಿಯ ಪ್ರಮಾಣ ಹಳೆಯ ಊಟಕ್ಕೆ ಹೊಂದಿಸಿದ್ದು. ಊಟ ಇಳಿದಾಗ ಅದೂ ಇಳಿಯಬೇಕಾಗುತ್ತದೆ. ಎಷ್ಟು ಅನ್ನುವುದನ್ನು ವೈದ್ಯರು ಮೊದಲೇ ಹೇಳಬೇಕು, ಕೈಕಾಲು ನಡುಗಿದ ಮೇಲಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ.

ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್, ಕಾನಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳ ಕಥೆ ಬೇರೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇವುಗಳ ಜೊತೆ ಕಾರ್ಬ್ ತೀರಾ ಕಡಿಮೆ ಮಾಡಿದರೆ, ಅಥವಾ ಉಪವಾಸ ಮಾಡಿದರೆ, ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಕೀಟೋಅಸಿಡೋಸಿಸ್ ಬರಬಹುದು. ಮೋಸ ಎಲ್ಲಿದೆಯೆಂದರೆ ಆಗ ಗ್ಲುಕೋಮೀಟರ್ ಹೆಚ್ಚೇನೂ ತೋರಿಸದೆ ಇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ‘ಶುಗರ್ ಸರಿಯಾಗೇ ಇದೆಯಲ್ಲ’ ಅಂತ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಟೈಪ್ 1 ಇರುವವರು, ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ಈ ಬರಹ ಓದಿ ತಾವಾಗಿಯೇ ಶುರು ಮಾಡಬೇಡಿ. ಕಿಡ್ನಿ ತೊಂದರೆಯಲ್ಲಿ ಪ್ರೋಟೀನ್, ಪೊಟ್ಯಾಸಿಯಂ ಎರಡಕ್ಕೂ ಮಿತಿ ಇರಬಹುದು.

ಶುಗರ್ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಬೇಗ ಕರಗುವ ಕಾರ್ಬ್ ಬೇಕು: ಮೂರರಿಂದ ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ, ಅಥವಾ ಅರ್ಧ ಲೋಟ, ಅಂದರೆ 120 ಮಿ.ಲೀ. ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೆ ಅಷ್ಟೇ. ಈ ಹೊತ್ತಿನಲ್ಲಿ ಚಾಕೊಲೇಟ್ ಕೊಡುವುದು ತಪ್ಪು. ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಮನೆಯಿಂದ ಸಕ್ಕರೆಯನ್ನು ಪೂರ್ತಿ ಓಡಿಸಬಾರದು ಅನ್ನುವುದು ಇದಕ್ಕೇ.

ಒಂದು ವಾರ ತೂಕ ಮಾಡಿ

ಅಡುಗೆಮನೆಯ ಚಿಕ್ಕ ತಕ್ಕಡಿ ಒಂದು ವಾರ ಸಾಕು. ಆಮೇಲೆ ಕಣ್ಣಿಗೆ ಅಳತೆ ಬರುತ್ತದೆ. ಈ ವಾರದಲ್ಲಿ ಏನನ್ನೂ ಬದಲಿಸಬೇಡಿ, ಎಂದಿನಂತೆ ಬಡಿಸಿಕೊಂಡು ತೂಕ ಬರೆದಿಡಿ. ತಾವು ‘ಸ್ವಲ್ಪ ಅನ್ನ’ ಅಂದುಕೊಂಡದ್ದು 300 ಗ್ರಾಂ, ಅಂದರೆ 84 ಗ್ರಾಂ ಕಾರ್ಬ್ ಅಂತ ಹಲವರಿಗೆ ಗೊತ್ತಾಗುವುದೇ ಆಗ.

ಇಲ್ಲಿ ಬಹಳ ಜನ ಎಡವುವುದು ಹಸಿ ತೂಕ, ಬೆಂದ ತೂಕದ ಗೊಂದಲದಲ್ಲಿ. 100 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 80 ಗ್ರಾಂ ಕಾರ್ಬ್, 100 ಗ್ರಾಂ ಅನ್ನದಲ್ಲಿ 28. ವ್ಯತ್ಯಾಸ ನೀರಿನದ್ದು. ಬೇಳೆಕಾಳಿಗೂ ಹಾಗೆಯೇ. ಹಸಿ ಬೇಳೆಯ ಅಂಕಿಯನ್ನು ಬೆಂದ ಬೇಳೆಗೆ ಹಾಕಿ ‘ಅಯ್ಯೋ, ಬೇಳೆಯಲ್ಲೂ 60 ಗ್ರಾಂ ಇದೆ’ ಅಂತ ಬೇಳೆ ಬಿಟ್ಟವರಿದ್ದಾರೆ. ಬೆಂದ ಮಸೂರದಲ್ಲಿ 100 ಗ್ರಾಂಗೆ ಇರುವುದು 20 ಗ್ರಾಂ ಕಾರ್ಬ್, ಅದರಲ್ಲಿ 8 ಗ್ರಾಂ ನಾರು, ಜೊತೆಗೆ 9 ಗ್ರಾಂ ಪ್ರೋಟೀನ್. ಅಳತೆಯಲ್ಲಿದ್ದರೆ ಬೇಳೆಕಾಳನ್ನು ಬಿಡಬೇಕಾಗಿಯೇ ಇಲ್ಲ.

ತರಕಾರಿಗಳಲ್ಲೂ ಎರಡು ಜಾತಿ. ಸೊಪ್ಪು, ಎಲೆಕೋಸು, ಹೂಕೋಸು, ಸೌತೆ, ಬದನೆ, ಬೀನ್ಸ್, ಕ್ಯಾಪ್ಸಿಕಂ, ಟೊಮೆಟೊ, ಅಣಬೆ ಇವು 100 ಗ್ರಾಂಗೆ 3ರಿಂದ 8 ಗ್ರಾಂ ಒಳಗೆ ಬರುತ್ತವೆ. ಹೊಟ್ಟೆ ತುಂಬ ತಿನ್ನಬಹುದು. ಆಲೂಗಡ್ಡೆ, ಗೆಣಸು, ಮೆಕ್ಕೆಜೋಳ 20ರ ಆಸುಪಾಸು, ಹಸಿ ಬಟಾಣಿ 14. ಇವನ್ನು ಅನ್ನದ ಪಾಲಿಗೆ ಸೇರಿಸಿ, ಪಲ್ಯದ ಪಾಲಿಗಲ್ಲ. ಕ್ಯಾರೆಟ್ಟಿಗೆ ಮಾತ್ರ ವಿನಾಕಾರಣ ಕೆಟ್ಟ ಹೆಸರು. ಅದರಲ್ಲಿರುವುದು 10 ಗ್ರಾಂ, ಅರ್ಧ ಕ್ಯಾರೆಟ್ ತುರಿದು ಹಾಕಿದ ಸಲಾಡಿಗೆ ಹೆದರಬೇಕಿಲ್ಲ.

ಬದಲಾವಣೆ ಬೆಳಿಗ್ಗೆಯಿಂದಲೇ ಶುರುವಾಗಲಿ

ಮೂರು ಹೊತ್ತಿನಲ್ಲಿ ಒಂದನ್ನಷ್ಟೇ ತಿದ್ದಲು ಸಾಧ್ಯ ಅನ್ನುವವರು ಬೆಳಗಿನ ತಿಂಡಿಯನ್ನು ಹಿಡಿಯಿರಿ. ನಸುಕಿನಲ್ಲಿ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಏರುತ್ತವೆ. ಪಿತ್ತಜನಕಾಂಗ ಸಕ್ಕರೆ ಬಿಡುತ್ತದೆ, ಇನ್ಸುಲಿನ್‌ಗೆ ದೇಹ ಸರಿಯಾಗಿ ಓಗೊಡುವುದಿಲ್ಲ. ಹಾಗಾಗಿ ಮಧ್ಯಾಹ್ನ ಅರಗುವ ಅದೇ ಎರಡು ಬ್ರೆಡ್ ಬೆಳಿಗ್ಗೆ ಶುಗರನ್ನು ಹೆಚ್ಚು ಏರಿಸುವುದು ಸಾಮಾನ್ಯ.

ಎರಡು ಮೊಟ್ಟೆ, 100 ಗ್ರಾಂ ಸೊಪ್ಪು ಅಥವಾ ಅಣಬೆ ಬಾಡಿಸಿದ್ದು, 100 ಗ್ರಾಂ ನೀರು ಬಸಿದ ಗಟ್ಟಿ ಮೊಸರು, ಹತ್ತು ಬಾದಾಮಿ. ಕಾರ್ಬ್ 12 ಗ್ರಾಂ ಮೀರುವುದಿಲ್ಲ, ಪ್ರೋಟೀನ್ 25 ಗ್ರಾಂ ದಾಟುತ್ತದೆ. ಸೊಪ್ಪು ನೀರು ಬಿಟ್ಟುಕೊಂಡು ಮೊಟ್ಟೆ ತೊಯ್ದು ಹೋಗುವುದು ಇಲ್ಲಿ ಆಗುವ ತಪ್ಪು. ಸೊಪ್ಪನ್ನು ಮೊದಲು ಬಾಣಲೆಯಲ್ಲಿ ಬಾಡಿಸಿ, ನೀರಿಂಗಿಸಿ, ಪಕ್ಕಕ್ಕೆ ತೆಗೆದಿಟ್ಟು, ಮೊಟ್ಟೆ ಅರೆ ಗಟ್ಟಿಯಾದ ಮೇಲೆ ಹರಡಿ. ಮೊಟ್ಟೆ ತಿನ್ನದವರು 150 ಗ್ರಾಂ ಗಟ್ಟಿ ತೋಫುವನ್ನು ಬಟ್ಟೆಯಲ್ಲಿ ಹಿಂಡಿ, ಪುಡಿ ಮಾಡಿ, ಈರುಳ್ಳಿ, ಟೊಮೆಟೊ, ಅರಿಸಿನದ ಜೊತೆ ಹುರಿಯಬಹುದು. ಕಾರ್ಬ್ 8–10 ಗ್ರಾಂ.

ರಾತ್ರಿಯೇ ಮಾಡಿಡುವುದಾದರೆ ಚಿಯಾ: 30 ಗ್ರಾಂ ಚಿಯಾ ಬೀಜಕ್ಕೆ 150 ಗ್ರಾಂ ಮೊಸರು, 80 ಮಿ.ಲೀ. ನೀರು. ಚಿಯಾದ 12–13 ಗ್ರಾಂ ಕಾರ್ಬಿನಲ್ಲಿ 10 ಗ್ರಾಂ ನಾರೇ ಇದೆ. ಕಲಸಿದ ಹತ್ತು ನಿಮಿಷಕ್ಕೆ ಇನ್ನೊಮ್ಮೆ ಕದಡದಿದ್ದರೆ ತಳದಲ್ಲಿ ಗಂಟು ಕಟ್ಟುತ್ತದೆ. ಒಣ ಚಿಯಾ ಬಾಯಿಗೆ ಹಾಕಿಕೊಂಡು ನೀರು ಕುಡಿಯುವ ಅಭ್ಯಾಸ ಬೇಡವೇ ಬೇಡ. ಅದು ಗಂಟಲಲ್ಲೇ ಉಬ್ಬುತ್ತದೆ.

ಓಟ್ಸ್ ಬಿಡಲಾರೆ ಅನ್ನುವವರಿಗೂ ದಾರಿಯಿದೆ. 20 ಗ್ರಾಂ ದಪ್ಪ ಓಟ್ಸ್, 10 ಗ್ರಾಂ ಅಗಸೆ ಪುಡಿ, 10 ಗ್ರಾಂ ಚಿಯಾ, ನೀರಿನಲ್ಲಿ ಬೇಯಿಸಿ ಮೇಲೆ ಮೊಸರು ಹಾಕಿಕೊಂಡು ತಿನ್ನಿ. ಬಟ್ಟಲು ಅಷ್ಟೇ ತುಂಬಿರುತ್ತದೆ, ಓಟ್ಸಿನ ಕಾರ್ಬ್ 27ರಿಂದ 13–14ಕ್ಕೆ ಇಳಿಯುತ್ತದೆ. ಬಿಸಿನೀರು ಸುರಿದರೆ ಸಾಕು ಅನ್ನುವ ತೆಳು ಓಟ್ಸ್ ಬೇಗ ಅರಗುತ್ತದೆ, ಶುಗರನ್ನೂ ಬೇಗ ಏರಿಸುತ್ತದೆ.

ಹೂಕೋಸಿನ ‘ಅನ್ನ’: ಮುದ್ದೆಯಾಗದಂತೆ ಮಾಡುವುದು

100 ಗ್ರಾಂ ಹೂಕೋಸಿನಲ್ಲಿ 5 ಗ್ರಾಂ ಕಾರ್ಬ್, ಅದರಲ್ಲಿ 2 ಗ್ರಾಂ ನಾರು. ಅನ್ನಕ್ಕೆ ಇದಕ್ಕಿಂತ ದೊಡ್ಡ ಇಳಿಕೆ ಕೊಡುವ ಬದಲಿ ಕಡಿಮೆ. ಆದರೂ ಒಂದು ಸಲ ಮಾಡಿ, ಅಂಟು ಅಂಟಾಗಿ ಬೇಯಿಸಿದ ಎಲೆಕೋಸಿನ ವಾಸನೆ ಬಂದು, ಮನೆಯವರೆಲ್ಲ ಮೂಗು ಮುರಿದು, ಅಲ್ಲಿಗೆ ಮುಗಿಯಿತು ಅಂದವರೇ ಹೆಚ್ಚು. ಅದಕ್ಕೆ ಕಾರಣ ನೀರು. ಹೂಕೋಸಿನಲ್ಲಿ ನೂರಕ್ಕೆ 92 ಭಾಗ ನೀರೇ. ಅದನ್ನು ಹೊರಗೆ ಓಡಿಸುವುದೇ ಇಲ್ಲಿನ ಕೆಲಸವೆಲ್ಲ.

600 ಗ್ರಾಂ ಹೂಕೋಸು ತೊಳೆದು, ಹೂ ಬಿಡಿಸಿ, ಬಟ್ಟೆಯ ಮೇಲೆ ಅರ್ಧ ಗಂಟೆ ಆರಲು ಬಿಡಿ. ತೊಳೆದ ಕೂಡಲೇ ತುರಿಯಬಾರದು. ತುರಿಮಣೆಯ ದೊಡ್ಡ ತೂತಿನ ಬದಿಯಲ್ಲಿ ತುರಿಯಿರಿ. ಮಿಕ್ಸಿಯಾದರೆ ಸ್ವಲ್ಪ ಸ್ವಲ್ಪವೇ ಹಾಕಿ ಒಂದೊಂದು ಸೆಕೆಂಡಿನಂತೆ ನಾಲ್ಕೈದು ಸಲ ತಿರುಗಿಸಿ ನಿಲ್ಲಿಸಿ. ಕಾಳು ಅಕ್ಕಿ ಗಾತ್ರದಲ್ಲಿರಬೇಕು. ರವೆಯಷ್ಟು ಸಣ್ಣಗಾದರೆ ಮುಂದೆ ಏನು ಮಾಡಿದರೂ ಮುದ್ದೆಯೇ. ತುರಿದದ್ದನ್ನು ಒಣ ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಎರಡು ಮೂರು ಚಮಚ ನೀರು ಬಿದ್ದರೂ ಫಲಿತಾಂಶದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಮನೆಯಲ್ಲಿರುವ ಅತಿ ಅಗಲದ ಬಾಣಲೆ ಇಡಿ. ಒಂದು ದೊಡ್ಡ ಚಮಚ ಎಣ್ಣೆ, ಉರಿ ಜೋರು. ಎಣ್ಣೆ ಕಾದ ಮೇಲೆ ಹೂಕೋಸು ಹಾಕಿ ತೆಳುವಾಗಿ ಹರಡಿ. ಚೊಯ್ ಅನ್ನುವ ಸದ್ದು ಉದ್ದಕ್ಕೂ ಕೇಳುತ್ತಿರಬೇಕು. ಸದ್ದು ನಿಂತಿತು ಅಂದರೆ ಹುರಿಯುವುದು ನಿಂತು ಬೇಯುವುದು ಶುರುವಾಯಿತು ಅಂತ, ಬಾಣಲೆಗೆ ಹೆಚ್ಚಾಗಿದೆ. ಆಗ ಅರ್ಧ ತೆಗೆದು ಎರಡು ಸಲ ಮಾಡಿ. ಮುಚ್ಚಳ ಮುಚ್ಚಬೇಡಿ. ಒಂದು ನಿಮಿಷ ಹಾಗೇ ಬಿಟ್ಟು ಒಮ್ಮೆ ತಿರುವುತ್ತ ಐದರಿಂದ ಆರು ನಿಮಿಷ. ಅಂಚು ಅಲ್ಲಲ್ಲಿ ಹೊಂಬಣ್ಣ ತಿರುಗಿ, ಕಾಳು ಹಿಸುಕಿದರೆ ನಡುವೆ ಸಣ್ಣಗೆ ಗಟ್ಟಿ ಸಿಗಬೇಕು. ಉಪ್ಪು ಕಟ್ಟಕಡೆಗೆ, ಉರಿ ಆರಿಸಿದ ಮೇಲೆ. ಮೊದಲೇ ಹಾಕಿದರೆ ಉಪ್ಪು ನೀರೆಳೆದು ಪಟ್ಟ ಶ್ರಮವೆಲ್ಲ ವ್ಯರ್ಥ. ನಿಂಬೆರಸವೂ ಆಗಲೇ.

ಪೂರ್ತಿ ಬದಲಿಸುವ ಹಟ ಬೇಡ. 75 ಗ್ರಾಂ ಅನ್ನ, 150 ಗ್ರಾಂ ಹೂಕೋಸು ಬೆರೆಸಿದರೆ ತಟ್ಟೆ ತುಂಬಿರುತ್ತದೆ, ಬಾಯಿಗೆ ಅನ್ನವೇ ಸಿಗುತ್ತದೆ. ಕಾರ್ಬ್ 28–29 ಗ್ರಾಂ, ಅದರಲ್ಲಿ ಮೂರು ಗ್ರಾಂ ನಾರು. ಬರೀ 225 ಗ್ರಾಂ ಅನ್ನವಾಗಿದ್ದರೆ 63. ವರ್ಷಗಟ್ಟಲೆ ಉಳಿಯುವುದು ಈ ಬೆರಕೆಯೇ. ಪೂರ್ತಿ ಹೂಕೋಸಿಗೆ ಹೋದವರು ಮೂರನೇ ವಾರಕ್ಕೆ ಅನ್ನದ ಪಾತ್ರೆಯ ಮುಂದೆ ಮತ್ತೆ ಕೂತಿರುತ್ತಾರೆ.

ಅನ್ನ, ಆಲೂಗಡ್ಡೆ ಬೇಯಿಸಿ ತಣ್ಣಗೆ ಮಾಡಿದರೆ ಪಿಷ್ಟದ ಒಂದು ಭಾಗ ಅರಗದ ರೂಪಕ್ಕೆ ತಿರುಗುತ್ತದೆ ಅನ್ನುವುದು ನಿಜ. ಆದರೆ ಆ ಭಾಗ ಚಿಕ್ಕದು. ಫ್ರಿಜ್ಜಿನಲ್ಲಿಟ್ಟ ಅನ್ನ ಅಂತ ದುಪ್ಪಟ್ಟು ತಿನ್ನಲು ಅದು ಪರವಾನಗಿಯಲ್ಲ. ಮಾಡುವುದಾದರೆ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಹೊರಗೇ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಬಾದಾಮಿ ಹಿಟ್ಟಿನ ರೊಟ್ಟಿ

ಹಿಟ್ಟುಗಳ ವಿಚಾರದಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಕಡಲೆಹಿಟ್ಟಿನದು. 100 ಗ್ರಾಂ ಗೋಧಿ ಹಿಟ್ಟಿನಲ್ಲಿ 72 ಗ್ರಾಂ ಕಾರ್ಬ್, ಕಡಲೆಹಿಟ್ಟಿನಲ್ಲಿ 58. ಪ್ರೋಟೀನ್ ಚೆನ್ನಾಗಿದೆ, 22 ಗ್ರಾಂ. ಗೋಧಿಗಿಂತ ಒಳ್ಳೆಯದು ಅನ್ನಬಹುದು, ಕಡಿಮೆ ಕಾರ್ಬ್ ಅನ್ನಲಾಗದು. ಬಾದಾಮಿ ಹಿಟ್ಟಿನಲ್ಲಿ 20, ಅದರಲ್ಲೂ ಅರ್ಧಕ್ಕರ್ಧ ನಾರು.

ಬಾದಾಮಿ ಹಿಟ್ಟಿಗೆ ಗೋಧಿಯ ಅಂಟು, ಅಂದರೆ ಗ್ಲುಟನ್, ಇಲ್ಲ. ಆ ಕೆಲಸವನ್ನು ಇಸಬ್‌ಗೋಲ್ ಸಿಪ್ಪೆಯಿಂದ ಮಾಡಿಸಬೇಕು. 100 ಗ್ರಾಂ ನುಣ್ಣಗಿನ ಬಾದಾಮಿ ಹಿಟ್ಟು, 12 ಗ್ರಾಂ ಇಸಬ್‌ಗೋಲ್ ಪುಡಿ, ಅರ್ಧ ಟೀ ಚಮಚ ಉಪ್ಪು ಒಣದರಲ್ಲೇ ಚೆನ್ನಾಗಿ ಬೆರೆಸಿ. ಮೊದಲು 100 ಮಿ.ಲೀ. ಬಿಸಿನೀರು ಹಾಕಿ ಚಮಚದಿಂದ ಕಲಸಿ, ಮುಚ್ಚಿ, ಹತ್ತು ನಿಮಿಷ ಮುಟ್ಟಬೇಡಿ. ಕಲಸಿದ ಕ್ಷಣಕ್ಕೆ ಅದು ತೀರಾ ನೀರಾಗಿ ಕಾಣುತ್ತದೆ, ಗಾಬರಿಯಾಗಿ ಇನ್ನಷ್ಟು ಹಿಟ್ಟು ಸುರಿಯುವುದೇ ಮೊದಲ ತಪ್ಪು. ಇಸಬ್‌ಗೋಲ್ ನೀರು ಕುಡಿಯಲು ಆ ಹತ್ತು ನಿಮಿಷ ಬೇಕು. ಆಮೇಲೂ ಬಿರುಕು ಬಿಟ್ಟರೆ ಒಂದೊಂದೇ ಟೀ ಚಮಚ ನೀರು ಸೇರಿಸಿ.

ಐದು ಉಂಡೆ ಮಾಡಿ, ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ. ಎರಡು ಮಿಲಿಮೀಟರ್ ದಪ್ಪ ಇರಲಿ. ಇನ್ನೂ ತೆಳುವಾದರೆ ಎತ್ತುವಾಗ ಹರಿಯುತ್ತದೆ. ತವಾ ಮಧ್ಯಮ ಉರಿಯಲ್ಲಿ ಕಾಯಲಿ. ಜೋರು ಉರಿಯಲ್ಲಿ ಬಾದಾಮಿಯ ಎಣ್ಣೆ ಸೀದು ಹೊರಗೆ ಕಪ್ಪು, ಒಳಗೆ ಹಸಿ. ಕಾಗದದ ಸಮೇತ ತವಾ ಮೇಲೆ ಬೋರಲು ಹಾಕಿ, ಅರ್ಧ ನಿಮಿಷ ಬಿಟ್ಟು ಕಾಗದ ಸುಲಿದು ತೆಗೆಯಿರಿ. ಒಂದೂವರೆ ಎರಡು ನಿಮಿಷಕ್ಕೆ ಅಂಚು ತಾನಾಗಿ ಏಳುತ್ತದೆ, ಅಲ್ಲಿಯವರೆಗೆ ತಿರುವಲು ಹೋಗಬೇಡಿ. ಕೆಲವು ಇಸಬ್‌ಗೋಲ್ ಪುಡಿ ಬಿಸಿಗೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೆಟ್ಟಿದೆ ಅಂತಲ್ಲ. ಒಂದು ರೊಟ್ಟಿಗೆ 6 ಗ್ರಾಂ ಕಾರ್ಬ್, ಅದರಲ್ಲಿ ಸುಮಾರು 4 ನಾರು. ಆದರೆ ಕ್ಯಾಲೊರಿ 120ರ ಮೇಲಿದೆ, ಎರಡಕ್ಕೆ ನಿಲ್ಲಿಸಿ. ಇಸಬ್‌ಗೋಲ್ ಇರುವ ಊಟದ ಜೊತೆ ನೀರು ಧಾರಾಳವಾಗಿ ಕುಡಿಯಿರಿ. ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಇಟ್ಟರೆ ಒಳ್ಳೆಯದು, ಕೆಲವು ಔಷಧಿಗಳನ್ನು ದೇಹ ಹೀರಿಕೊಳ್ಳುವುದನ್ನು ಅದು ನಿಧಾನಿಸುತ್ತದೆ.

ತೆಂಗಿನ ಹಿಟ್ಟನ್ನು ಬಾದಾಮಿ ಹಿಟ್ಟಿನ ಜಾಗದಲ್ಲಿ ಅಷ್ಟೇ ಅಳತೆಗೆ ಹಾಕಬೇಡಿ. ಅದು ಹಲವು ಪಟ್ಟು ನೀರು ಹೀರುತ್ತದೆ, ರೊಟ್ಟಿ ಮರಳಿನಂತೆ ಉದುರುತ್ತದೆ.

ಉಳಿದ ಬದಲಿಗಳಿಗೆ ಇಷ್ಟು ವಿವರ ಬೇಡ. ನೂಡಲ್ಸ್, ಪಾಸ್ತಾ ಜಾಗಕ್ಕೆ ಎಲೆಕೋಸನ್ನು ಉದ್ದುದ್ದ ಹೆಚ್ಚಿ ಜೋರು ಉರಿಯಲ್ಲಿ ಮೂರು ನಿಮಿಷ ಹುರಿದರೆ ಸಾಕು. ಜುಕಿನಿ ಆದರೆ ಎಳೆ ತೆಗೆದು, ಉಪ್ಪು ಸವರಿ 15 ನಿಮಿಷ ಬಿಟ್ಟು ಹಿಂಡಲೇಬೇಕು, ಇಲ್ಲವಾದರೆ ಸಾಸ್ ನೀರಾಗುತ್ತದೆ. ಆಲೂಗಡ್ಡೆ ಹುರಿದು ತಿನ್ನುವವರು ನವಿಲುಕೋಸನ್ನು ಹಾಗೇ ಹೆಚ್ಚಿ ಹುರಿದು ನೋಡಿ, 100 ಗ್ರಾಂಗೆ 6 ಗ್ರಾಂ ಕಾರ್ಬ್. ಸೂಪಿಗೆ ಕಾರ್ನ್‌ಫ್ಲೋರ್ ಬದಲು ಬೆಂದ ಹೂಕೋಸನ್ನು ನುಣ್ಣಗೆ ರುಬ್ಬಿ ಹಾಕಿದರೆ ಗಟ್ಟಿಯೂ ಬರುತ್ತದೆ, ಬೆಣ್ಣೆ ಹಾಕಿದಂಥ ರುಚಿಯೂ ಬರುತ್ತದೆ.

ಹಣ್ಣು, ಹಾಲು, ಸಿಹಿ

ಹಣ್ಣು ನಿಷೇಧವಲ್ಲ, ರಸ ಮಾತ್ರ ಬೇಡ. ಒಂದು ಕಿತ್ತಳೆಯಲ್ಲಿ ಸುಮಾರು 15 ಗ್ರಾಂ ಕಾರ್ಬ್, ಒಂದು ದೊಡ್ಡ ಲೋಟ ಕಿತ್ತಳೆ ರಸದಲ್ಲಿ 26, ಅದೂ ನಾರಿಲ್ಲದೆ. 100 ಗ್ರಾಂ ಸೀಬೆಹಣ್ಣಿನಲ್ಲಿ 14 ಗ್ರಾಂ ಇದ್ದರೂ 5 ಗ್ರಾಂ ನಾರು. ಸ್ಟ್ರಾಬೆರಿ 8, ಪಪ್ಪಾಯಿ 11. ಒಂದು ದೊಡ್ಡ ಮೆಜೂಲ್ ಖರ್ಜೂರದಲ್ಲಿ 18 ಗ್ರಾಂ, ‘ಸಕ್ಕರೆ ಹಾಕದ’ ಖರ್ಜೂರದ ಉಂಡೆ ಶುಗರ್ ಏರಿಸುವುದು ಅದಕ್ಕೇ. ಹಣ್ಣನ್ನು ಊಟದ ಕೊನೆಗೆ ಅಥವಾ ಬೀಜಗಳ ಜೊತೆ ತಿನ್ನಿ, ಖಾಲಿ ಹೊಟ್ಟೆಗಲ್ಲ. ಹಾಲು 100 ಮಿ.ಲೀ.ಗೆ 5 ಗ್ರಾಂ. ದಿನಕ್ಕೆ ನಾಲ್ಕು ಲೋಟ ಟೀ ಕುಡಿಯುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲೇಬಲ್ ಓದುವಾಗ ಒಂದು ಸೂಕ್ಷ್ಮ ಇದೆ. ಅಮೆರಿಕದ ಲೇಬಲ್ಲಿನಲ್ಲಿ ಒಟ್ಟು ಕಾರ್ಬಿನೊಳಗೇ ನಾರೂ ಸೇರಿರುತ್ತದೆ. ಯುರೋಪಿನ ಲೇಬಲ್ಲಿನಲ್ಲಿ ನಾರನ್ನು ಆಗಲೇ ಬೇರೆ ಮಾಡಿರುತ್ತಾರೆ. ಎರಡನೆಯದರಲ್ಲಿ ಮತ್ತೆ ನಾರು ಕಳೆದರೆ ಲೆಕ್ಕ ಎರಡು ಸಲ ಕಳೆದಂತಾಗುತ್ತದೆ. ‘ಸಕ್ಕರೆ ಸೇರಿಸಿಲ್ಲ’ ಅಂತ ಇದ್ದರೂ ಪದಾರ್ಥಗಳ ಪಟ್ಟಿಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಇದೆಯಾ ನೋಡಿ. ಅದು ಪಿಷ್ಟದಿಂದ ತೆಗೆದದ್ದು, ಸಕ್ಕರೆಯಷ್ಟೇ ಬೇಗ ಶುಗರ್ ಏರಿಸುತ್ತದೆ. ಸಿಹಿಕಾರಕದ ಪುಡಿ ಪೊಟ್ಟಣಗಳಲ್ಲೂ ತೂಕಕ್ಕೆ ಅದನ್ನೇ ತುಂಬಿರುವುದುಂಟು. ಮಧುಮೇಹಿಗಳಿಗೆಂದೇ ಮಾರುವ ಚಾಕೊಲೇಟಿನಲ್ಲಿರುವ ಮಾಲ್ಟಿಟಾಲ್ ಎಂಬ ಸಿಹಿಕಾರಕ ಕೂಡ ಭಾಗಶಃ ಸಕ್ಕರೆಯಾಗುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ.

ಗ್ಲೈಸೀಮಿಕ್ ಇಂಡೆಕ್ಸ್ ಕಡಿಮೆ ಅನ್ನುವ ಪಟ್ಟಿಯನ್ನೂ ಇದೇ ಎಚ್ಚರದಿಂದ ನೋಡಿ. 1981ರಲ್ಲಿ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಪರಿಚಯಿಸಿದ ಈ ಅಳತೆ, ಸಮ ಪ್ರಮಾಣದ ಕಾರ್ಬ್ ತಿಂದಾಗ ಯಾವ ಆಹಾರ ಎಷ್ಟು ಏರಿಸುತ್ತದೆ ಅಂತ ಹೇಳುತ್ತದೆ. ನಿಮ್ಮ ತಟ್ಟೆಯಲ್ಲಿ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ.

ಒಂದು ದಿನದ ಲೆಕ್ಕ

ಬೆಳಿಗ್ಗೆ ಮೇಲೆ ಹೇಳಿದ ಮೊಟ್ಟೆ, ಸೊಪ್ಪು, ಮೊಸರು: 12 ಗ್ರಾಂ. ಮಧ್ಯಾಹ್ನ ಅನ್ನ-ಹೂಕೋಸಿನ ಬೆರಕೆ, 150 ಗ್ರಾಂ ಬೀನ್ಸ್ ಪಲ್ಯ, 100 ಗ್ರಾಂ ಮೀನು, ಕೋಳಿ ಅಥವಾ ತೋಫು: 40 ಗ್ರಾಂ. ಸಂಜೆ 100 ಮಿ.ಲೀ. ಹಾಲಿನ ಸಕ್ಕರೆಯಿಲ್ಲದ ಟೀ, ಒಂದು ಹಿಡಿ, ಅಂದರೆ 25 ಗ್ರಾಂ ಬೀಜಗಳು: 10 ಗ್ರಾಂ. ರಾತ್ರಿ ಎರಡು ಬಾದಾಮಿ ರೊಟ್ಟಿ, 100 ಗ್ರಾಂ ಬೆಂದ ಬೇಳೆ, 200 ಗ್ರಾಂ ಎಲೆಕೋಸು-ಕ್ಯಾಪ್ಸಿಕಂ ಪಲ್ಯ, ಸೌತೆಕಾಯಿ: 48 ಗ್ರಾಂ, ಅದರಲ್ಲಿ 20ರಷ್ಟು ನಾರೇ. ಒಟ್ಟು 110. ಹಸಿದು ಮಲಗುವ ಪ್ರಶ್ನೆಯೇ ಇಲ್ಲ.

ತಟ್ಟೆಯಲ್ಲಿ ಅನ್ನ ತೆಗೆದ ಜಾಗವನ್ನು ಖಾಲಿ ಬಿಡಬೇಡಿ. ಹಾಗೆ ಬಿಟ್ಟವರು ಸಂಜೆ ನಾಲ್ಕಕ್ಕೆ ಬಿಸ್ಕತ್ ಡಬ್ಬಿಗೆ ಕೈ ಹಾಕುತ್ತಾರೆ. ಬರೀ ಬೆಣ್ಣೆ, ಚೀಸ್‌ನಿಂದ ತುಂಬಿಸುವುದೂ ಸರಿಯಲ್ಲ, ಕೆಟ್ಟ ಕೊಲೆಸ್ಟರಾಲ್ ಏರಬಹುದು, ಶುಗರ್ ಇರುವವರಿಗೆ ಹೃದಯದ ಚಿಂತೆ ಮೊದಲೇ ಇರುತ್ತದೆ. ಸುಮಾರು 23 ಸೆಂ.ಮೀ. ಅಗಲದ ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಪ್ರೋಟೀನ್, ಕಾಲು ಅನ್ನ ಅಥವಾ ರೊಟ್ಟಿ ಅನ್ನುವ ಅಳತೆ ತಕ್ಕಡಿಯಿಲ್ಲದಾಗಲೂ ಕೈಬಿಡುವುದಿಲ್ಲ.

ತಿನ್ನುವ ಕ್ರಮವೂ ಕೆಲಸ ಮಾಡುತ್ತದೆ. ಅದೇ ಊಟ, ಅದೇ ಗ್ರಾಂ. ಆದರೆ ಮೊದಲು ತರಕಾರಿ, ಆಮೇಲೆ ಪ್ರೋಟೀನ್, ಅನ್ನ ಕೊನೆಗೆ ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಊಟವಾಗಿ 10–15 ನಿಮಿಷ ನಡೆದರೆ ಇನ್ನಷ್ಟು. ಸ್ನಾಯುಗಳು ಆ ಸಕ್ಕರೆಯನ್ನು ಅಲ್ಲೇ ಬಳಸಿಕೊಳ್ಳುತ್ತವೆ.

ಮೊದಲ ವಾರ ತಲೆನೋವು, ಎದ್ದಾಗ ತಲೆಸುತ್ತು ಬಂದರೆ ಮೊದಲು ಮೀಟರ್ ಹಾಕಿ ನೋಡಿ. ಶುಗರ್ ಸರಿಯಿದ್ದರೆ ಕಾರಣ ಬಹುಶಃ ಉಪ್ಪು ಮತ್ತು ನೀರು. ಇನ್ಸುಲಿನ್ ಇಳಿದಂತೆ ಮೂತ್ರಪಿಂಡ ಹೆಚ್ಚು ಸೋಡಿಯಂ ಹೊರಹಾಕುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಬಿಪಿಯನ್ನೂ ಅಳೆದು ವೈದ್ಯರಿಗೆ ಹೇಳಿ, ಅದರ ಪ್ರಮಾಣವೂ ಇಳಿಯಬೇಕಾಗಬಹುದು. ಮಲಬದ್ಧತೆಯಾದರೆ ತರಕಾರಿ ಸಾಲದು ಅಂತಲೇ ಅರ್ಥ.

ಯಾವ ಬದಲಿ ನಿಮಗೆ ಹೊಂದಿತು ಅನ್ನುವುದನ್ನು ಹೇಳಬೇಕಾದದ್ದು ನಿಮ್ಮ ಮೀಟರ್. ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ. ಬಹುತೇಕ ವಯಸ್ಕರಿಗೆ ಊಟಕ್ಕೆ ಮುಂಚೆ 80–130, ಊಟದ ನಂತರ 180ರ ಒಳಗೆ ಅನ್ನುವುದು ಸಾಮಾನ್ಯ ಗುರಿ. ಎರಡರ ನಡುವೆ 50ಕ್ಕಿಂತ ಹೆಚ್ಚು ಏರಿದ್ದರೆ ಆ ಊಟದ ಅನ್ನದ ಪಾಲನ್ನು ಮೂರನೇ ಒಂದು ಭಾಗ ಇಳಿಸಿ, ಮತ್ತೊಂದು ದಿನ ಅದೇ ಊಟ ಮಾಡಿ ನೋಡಿ. ಚೀಸ್, ಎಣ್ಣೆ ಹೆಚ್ಚಿದ್ದ ಊಟವಾದರೆ ಎರಡು ಗಂಟೆಗೆ ಚೆನ್ನಾಗಿ ಕಂಡು, ಮೂರು ನಾಲ್ಕು ಗಂಟೆಗೆ ಏರಿರುತ್ತದೆ, ಆಗೊಮ್ಮೆ ನೋಡಬೇಕು. ಬೆರಳು ಚುಚ್ಚುವ ಮುಂಚೆ ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಕಿತ್ತಳೆ ಸುಲಿದ ಬೆರಳಿನಲ್ಲಿ ಉಳಿದ ರಸ ಒಂದೇ ಹನಿ ರಕ್ತಕ್ಕೆ ಸೇರಿದರೂ ಇಲ್ಲದ ಶುಗರ್ ತೋರಿಸುತ್ತದೆ, ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದರೆ ಅದು ಹೋಗುವುದಿಲ್ಲ.